ಕೇಳ್ರಿ, ಹೇಳ್ತೀನಿ: ಗಂಜಿನ ಲೆಕ್ಕಕ್ಕೆ ಯಾವ ಒಆರ್‌ಎಂ?

ಪ್ರಶ್ನೆ: ಅಕ್ಕೋರ, ನಮಸ್ಕಾರ್ರಿ. ನಾವು ಮೂರು ಮಂದಿ ಗೆಳೆಯರು ಕಲಬುರಗಿಯ ನೆಹರು ಗಂಜ್‌ನ ಒಂದು ಅಡತಿ ಅಂಗಡಿಗೆ ಸಾಫ್ಟ್‌ವೇರ್ ಮಾಡಿಕೊಡಲು ಒಪ್ಪಿಕೊಂಡಿದ್ದೇವೆ. ರೈತರು ತಂದ ತೊಗರಿಯ ಚೀಲ, ತೂಕ, ದರ, ಹಮಾಲಿ, ಉದ್ರಿ, ಪಟ್ಟಿ (ರೈತನಿಗೆ ಕೊಡುವ ಲೆಕ್ಕದ ಚೀಟಿ) ಎಲ್ಲ ಅದರಲ್ಲಿ ಬರಬೇಕು. ನನಗೂ ಒಬ್ಬ ಗೆಳೆಯನಿಗೂ ಪೈಥಾನ್ ಬರುತ್ತದೆ, ಜಾಂಗೊ ಸ್ವಲ್ಪ ಗೊತ್ತು. ಇನ್ನೊಬ್ಬ ಕಾಲೇಜಿನ ಪ್ರಾಜೆಕ್ಟ್‌ನಲ್ಲಿ ಜಾವಾ, ಹೈಬರ್ನೇಟ್ ಮಾಡಿದವ. ಯೂಟ್ಯೂಬ್ ನೋಡಿದರೆ ಈಗೆಲ್ಲ ಟೈಪ್‌ಸ್ಕ್ರಿಪ್ಟ್, ಪ್ರಿಸ್ಮಾ ಅಂತಾರೆ. ಬೆಂಗಳೂರಿನಲ್ಲಿರುವ ನಮ್ಮ ಸೀನಿಯರ್ ಒಬ್ಬರು, "ಒಆರ್‌ಎಂ ಸಹವಾಸವೇ ಬೇಡ, ನೇರ ಎಸ್‌ಕ್ಯುಎಲ್ ಬರೀರಿ" ಎಂದುಬಿಟ್ಟರು. ತೊಗರಿ ಸುಗ್ಗಿಗೆ ಮುಂಚೆ ಮುಗಿಸಬೇಕು. ಯಾವುದು ಹಿಡಿಯೋಣ?
(ಹೆಸರು ಹಾಕಬೇಡಿ ಎಂದವರು, ಕಲಬುರಗಿ)

ಉತ್ತರ: ನಿಮ್ಮ ಪತ್ರದಲ್ಲಿ ಟೂಲ್‌ಗಳ ಹೆಸರು ಸಾಲುಸಾಲಾಗಿವೆ. ದಿನದ ಕೊನೆಗೆ ಸಾಹುಕಾರರ ಕೈಗೆ ಯಾವ ಕಾಗದ ಬೇಕು ಅನ್ನೋದು ಮಾತ್ರ ಎಲ್ಲೂ ಇಲ್ಲ. ಅಂಗಡಿಗೆ ಹೋಗಿ, ಕಳೆದ ಜನವರಿಯ ಯಾವುದಾದರೂ ಗದ್ದಲದ ದಿನದ ಕಿರ್ದಿ ಮತ್ತು ಖಾತೆ ಪುಸ್ತಕದ ಪುಟಗಳನ್ನು ಕೇಳಿ ಫೋಟೊ ಹೊಡ್ಕೊಂಡು ಬರ್ರಿ. ಇದರಾಗ ಎಲ್ಲಕ್ಕಿಂತ ತಲೆ ತಿನ್ನೋ ಲೆಕ್ಕ ಯಾವುದು ಅಂತ ಗುಮಾಸ್ತರನ್ನೇ ಕೇಳ್ರಿ. ನನಗೆ ಗೊತ್ತಿದ್ದ ಮಟ್ಟಿಗೆ ಅವರು ಬೆರಳಿಡೋದು ಬಾಕಿಯ ಕಾಲಂ ಮೇಲೆ: ಪ್ರತಿ ಪಾರ್ಟಿಯ ಖಾತೆಯಲ್ಲಿ, ಪ್ರತಿ ಸಾಲಿನ ಎದುರು, ಅಲ್ಲೀತನಕದ ಬಾಕಿ. ಆ ಲೆಕ್ಕವನ್ನು ಮೊದಲು ಬರೀರಿ. ಲಾಗಿನ್ ಪುಟ, ಬಣ್ಣ, ಲೋಗೊ ಎಲ್ಲ ಆಮೇಲೆ.

ಒಆರ್‌ಎಂ ಅಂದರೇನು ಅಂತ ಕೇಳುವ ಓದುಗರೂ ಇದ್ದಾರೆ, ಅವರಿಗಾಗಿ ಎರಡು ಮಾತು. ಪ್ರೋಗ್ರಾಂ ಬರೆಯುವವರು ರೈತ, ಲಾಟು, ಪಟ್ಟಿ ಅಂತ ಆಬ್ಜೆಕ್ಟ್‌ಗಳಲ್ಲಿ ಯೋಚಿಸುತ್ತಾರೆ. ಡೇಟಾಬೇಸ್ ಮಾತ್ರ ಐಬಿಎಂನ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಮಾದರಿಯಂತೆ ಕೋಷ್ಟಕ, ಸಾಲು, ಕೀಲಿಗಳಲ್ಲಿ ಎಲ್ಲ ಇಟ್ಟುಕೊಂಡಿರುತ್ತದೆ. ಇವೆರಡರ ನಡುವೆ ನಿಂತು, ನಿಮ್ಮ ಪರವಾಗಿ ಎಸ್‌ಕ್ಯುಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಬರೆದು, ಬಂದ ಸಾಲುಗಳನ್ನು ಮತ್ತೆ ಆಬ್ಜೆಕ್ಟ್ ಮಾಡಿಕೊಡುವುದೇ ಒಆರ್‌ಎಂ, ಅಂದರೆ ಆಬ್ಜೆಕ್ಟ್-ರಿಲೇಷನಲ್ ಮ್ಯಾಪರ್. ಪೈಥಾನ್‌ನ ಜಾಂಗೊದೊಳಗೆ ಅಂಥದ್ದೊಂದು ಇದೆ, ಜಾವಾಕ್ಕೆ ಹೈಬರ್ನೇಟ್, ಟೈಪ್‌ಸ್ಕ್ರಿಪ್ಟ್‌ಗೆ ಪ್ರಿಸ್ಮಾ.

ಈಗ ನಿಮ್ಮ ಅಂಗಡಿ. ಅಲ್ಲಿ ಎರಡು ಜಾತಿಯ ಕೆಲಸ ಇದೆ. ಒಂದು ನಮೂದು: ಜೇವರ್ಗಿ ಕಡೆಯ ರೈತ ಬಂದ, ಇಷ್ಟು ಚೀಲ ಇಳಿಸಿದ, ತೂಕ ಇಷ್ಟು, ದರ ಇಷ್ಟು, ಪಟ್ಟಿ ಹರಿದು ಕೊಟ್ಟಾಯಿತು. ಇದರಲ್ಲಿ ಯಾವ ಒಆರ್‌ಎಂ ಆದರೂ ಚಲೋ ಕೆಲಸ ಮಾಡುತ್ತದೆ. ಕೈಯಿಂದ ಇನ್ಸರ್ಟ್, ಅಪ್‌ಡೇಟ್ ಬರೆಯುತ್ತ ಕೂತರೆ ನಿಮ್ಮ ವಾರಗಳು ಹಾಳಾಗುತ್ತವೆ, ಹಂಗಾಗಿ ಸೀನಿಯರ್ ಮಾತನ್ನು ಇಲ್ಲಿ ಕೇಳಬೇಡ್ರಿ. ಇನ್ನೊಂದು ವರದಿ: ಊರುವಾರು ಚೀಲ, ಖರೀದಿದಾರರ ಬಾಕಿ, ತಿಂಗಳ ಹಮಾಲಿ. ಇಲ್ಲಿ ಆಬ್ಜೆಕ್ಟ್ ಯಾರಿಗೂ ಬೇಕಾಗಿಲ್ಲ, ಬೇಕಾದದ್ದು ಮೊತ್ತ. ಇಲ್ಲಿ ಅವರ ಮಾತು ನೂರಕ್ಕೆ ನೂರು ಸರಿ.

ಏರುತ್ತ ಹೋಗುವ ಬಾಕಿಗೆ ಎಸ್‌ಕ್ಯುಎಲ್‌ನಲ್ಲಿ ವಿಂಡೋ ಫಂಕ್ಷನ್ ಅಂತ ಇದೆ. 'ಸಮ್' ಬರೆದು, 'ಓವರ್' ಅಂದು, 'ಪಾರ್ಟಿಷನ್ ಬೈ' ಪಾರ್ಟಿ, 'ಆರ್ಡರ್ ಬೈ' ದಿನಾಂಕ ಮತ್ತು ನಮೂದಿನ ಸಂಖ್ಯೆ ಅಂದರೆ ಮುಗಿಯಿತು, ಪ್ರತಿ ಸಾಲಿನ ಎದುರು ಬಾಕಿ ತಾನೇ ಬರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದು 2009ರಿಂದಲೇ ಇದೆ, ಮೈಎಸ್‌ಕ್ಯುಎಲ್ ಡೇಟಾಬೇಸ್‌ಗೆ ಬಂದದ್ದು 2018ರ 8.0 ಆವೃತ್ತಿಯಲ್ಲಿ. ಜಾಂಗೊದ ಒಆರ್‌ಎಂ ಇದನ್ನು 2017ರ ಕೊನೆಗೆ ಬಂದ 2.0ರಿಂದ ಬಲ್ಲದು, ಆದರೆ ಆ ಬಾಕಿಯ ಮೇಲೆ ಫಿಲ್ಟರ್ ಹಾಕಲು 2023ರ 4.2 ಬರುವವರೆಗೆ ಕಾಯಬೇಕಾಯಿತು. ಹೈಬರ್ನೇಟ್‌ನ ಸ್ವಂತ ಪ್ರಶ್ನೆ-ಭಾಷೆಗೆ 6ನೇ ಆವೃತ್ತಿಯಲ್ಲಿ ಬಂತು. ಪ್ರಿಸ್ಮಾದಲ್ಲಿ ಇಂಥದ್ದು ಬೇಕಾದಾಗ ನೇರ ಎಸ್‌ಕ್ಯುಎಲ್‌ಗೇ ಇಳಿಯಬೇಕು. ಇಳಿಯೋದರಲ್ಲಿ ತಪ್ಪೇನಿಲ್ಲ. ನೀವು ನೋಡಬೇಕಾದದ್ದು ಇಳಿಯುವ ಮೆಟ್ಟಿಲು ಸಲೀಸಾಗಿದೆಯೋ ಇಲ್ಲವೋ ಅನ್ನೋದನ್ನು. ಜಾಂಗೊದಲ್ಲಾದರೆ ಡೇಟಾಬೇಸ್‌ನಲ್ಲಿ ಒಂದು ವ್ಯೂ (ಹೆಸರು ಕೊಟ್ಟು ಉಳಿಸಿಟ್ಟ ಎಸ್‌ಕ್ಯುಎಲ್ ಪ್ರಶ್ನೆ) ಕಟ್ಟಿ, ಅದರ ಮೇಲೆ 'ಮ್ಯಾನೇಜ್ಡ್ ಫಾಲ್ಸ್' ಅಂತ ಹಾಕಿದ ಮಾಡೆಲ್ ಇಟ್ಟರೆ, ವರದಿಯೂ ಸಾಮಾನ್ಯ ಮಾಡೆಲ್‌ನ ಹಂಗೇ ಓದಲು ಸಿಗುತ್ತದೆ.

ಮುಂದಿನದು ನಿಜವಾದ ತಲೆನೋವು. ಕಪನೂರ ಕಡೆಯ ಒಂದು ದಾಲ್ ಮಿಲ್‌ನಲ್ಲಿ ಬೇರೆಯವರು ಬರೆದ ಪ್ರೋಗ್ರಾಂ ನೋಡಲು ನನ್ನನ್ನು ಕರೆದಿದ್ದರು. ಆಗಸ್ಟ್‌ನಲ್ಲಿ ಖರೀದಿ ಪಟ್ಟಿ ಚಕ್ಕನೆ ತೆರೆಯುತ್ತಿತ್ತು, ಜನವರಿ-ಫೆಬ್ರವರಿಯಲ್ಲಿ ಆವಕ ಏರಿದ ಕೂಡಲೇ ಪರದೆ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತು. "ಏನವ್ವಾ, ನಾ ಚಾ ಕುಡದು ಬಂದ್ರೂ ಇದು ತಿರುಗೋದು ನಿಂದ್ರವಲ್ದು" ಅಂದರು ಮಾಲೀಕರು. ಹೊಸ ಕಂಪ್ಯೂಟರ್ ತರಿಸಿ ಅಂತ ಯಾರೋ ಹೇಳಿದ್ದರು, ತರಿಸಿಯೂ ಆಗಿತ್ತು. ಡೇಟಾಬೇಸ್‌ಗೆ ಹೋಗುವ ಪ್ರಶ್ನೆಗಳನ್ನು ಲಾಗ್ ಮಾಡಿಸಿ ನೋಡಿದಾಗ ಸಂಗತಿ ಬಯಲಾಯಿತು. ಲಾಟುಗಳ ಪಟ್ಟಿಗೆ ಒಂದು ಪ್ರಶ್ನೆ, ಆಮೇಲೆ ಪ್ರತಿ ಲಾಟಿಗೂ ರೈತನ ಹೆಸರಿಗೆ ಒಂದು, ಅವನ ಊರಿಗೆ ಇನ್ನೊಂದು. ಸಾವಿರ ಲಾಟು ಇದ್ದರೆ 2,001 ಪ್ರಶ್ನೆ. ಗೋದಾಮಿನಿಂದ ನೂರು ಚೀಲ ತರಲು ಹಮಾಲನನ್ನು ಒಂದೊಂದು ಚೀಲಕ್ಕೂ ಬೇರೆ ಬೇರೆಯಾಗಿ ಓಡಿಸಿದಂಗೆ. ಕೋಡ್ ಓದಿದರೆ ಇದು ಕಣ್ಣಿಗೆ ಬೀಳೋದಿಲ್ಲ, ಯಾಕಂದರೆ 'ಲಾಟು ಚುಕ್ಕೆ ರೈತ ಚುಕ್ಕೆ ಊರು' ಅಂತ ಮುದ್ದಾಗಿ ಬರೆದಿರುತ್ತಾರೆ. ಆ ಚುಕ್ಕೆಯ ಹಿಂದೆ ಡೇಟಾಬೇಸ್ ಓಡಾಟ ಅಡಗಿದೆ ಅಂತ ಬರೆದವರಿಗೇ ನೆನಪಿರೋದಿಲ್ಲ.

ಇದಕ್ಕೆ ಎನ್ ಪ್ಲಸ್ ಒಂದು ಅನ್ನುತ್ತಾರೆ, ಮದ್ದು ಎಲ್ಲ ಟೂಲ್‌ಗಳಲ್ಲೂ ಇದೆ. ಜಾಂಗೊದಲ್ಲಿ 'ಸೆಲೆಕ್ಟ್ ರಿಲೇಟೆಡ್' ಕೋಷ್ಟಕಗಳನ್ನು ಜಾಯಿನ್ ಮಾಡಿ (ಜೋಡಿಸಿ) ಒಂದೇ ಸಲಕ್ಕೆ ತರುತ್ತದೆ, 'ಪ್ರಿಫೆಚ್ ರಿಲೇಟೆಡ್' ಎರಡನೇ ಪ್ರಶ್ನೆಯಲ್ಲಿ ಉಳಿದ ಅಷ್ಟನ್ನೂ ಒಟ್ಟಿಗೆ ತರುತ್ತದೆ. ಮಿಲ್‌ನಲ್ಲಿ ನಾನು ಸೇರಿಸಿದ್ದು ಆ ಮೊದಲನೆಯದನ್ನೇ, ಒಂದು ಸಾಲು. ಹೈಬರ್ನೇಟ್‌ನಲ್ಲಿ 'ಜಾಯಿನ್ ಫೆಚ್' ಇದೆ. ಅಲ್ಲಿ ಇನ್ನೊಂದು ಗುಟ್ಟು ಅದ: ಜಾವಾ ಒಆರ್‌ಎಂಗಳು ಪಾಲಿಸುವ ಜೆಪಿಎ ನಿಯಮದ ಪ್ರಕಾರ ಮೆನಿ-ಟು-ಒನ್ ಸಂಬಂಧ (ಲಾಟಿನಿಂದ ರೈತ) ಕೇಳದಿದ್ದರೂ ಕೂಡಲೇ ಬರುತ್ತದೆ, ಒನ್-ಟು-ಮೆನಿ (ರೈತನಿಂದ ಅವನ ಲಾಟುಗಳು) ಮುಟ್ಟಿದಾಗ ಮಾತ್ರ ಬರುತ್ತದೆ. ಕಾಲೇಜ್ ಪ್ರಾಜೆಕ್ಟ್‌ನಲ್ಲಿ ನಿಮ್ಮ ಗೆಳೆಯನಿಗೆ ಹತ್ತು ಸಾಲಿನ ಡೇಟಾದಲ್ಲಿ ಇದು ತಿಳಿದಿರಲಿಕ್ಕಿಲ್ಲ. ಪ್ರಿಸ್ಮಾ ಈ ವಿಷಯದಲ್ಲಿ ನನಗೆ ಹಿಡಿಸುತ್ತದೆ: 'ಇನ್‌ಕ್ಲೂಡ್' ಅಂತ ನೀವಾಗಿ ಹೇಳದ ಹೊರತು ಸಂಬಂಧಗಳನ್ನು ಕದ್ದು ತರೋದಿಲ್ಲ. ಪಿಎಚ್‌ಪಿ ಭಾಷೆಯ ಲಾರಾವೆಲ್‌ನ ಒಆರ್‌ಎಂ ಎಲೊಕ್ವೆಂಟ್‌ನಲ್ಲಿ ಈ ಕದ್ದು ತರೋದನ್ನೇ ನಿಷೇಧಿಸುವ ಸ್ವಿಚ್ 2021ರಲ್ಲಿ ಬಂತು, ಪ್ರೋಗ್ರಾಂ ಬರೆಯುವ ಹಂತದಲ್ಲಿ ಅದನ್ನು ಹಾಕಿಟ್ಟರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಅದಕ್ಕೇ ನಾನು ಹೇಳೋದು, ಯಾವ ಟೂಲ್ ಹಿಡಿದರೂ ಅದು ಬರೆಯುವ ಎಸ್‌ಕ್ಯುಎಲ್ ನಿಮ್ಮ ಕಣ್ಣೆದುರು ಹರಿಯಬೇಕು. ಜಾಂಗೊಗೆ ಡೀಬಗ್ ಟೂಲ್‌ಬಾರ್ ಹಾಕ್ರಿ. ಟೆಸ್ಟ್‌ಗಳಲ್ಲಿ 'ಅಸರ್ಟ್ ನಮ್ ಕ್ವೆರೀಸ್' ಬಳಸಿದರೆ ಈ ಪುಟಕ್ಕೆ ಮೂರೇ ಪ್ರಶ್ನೆ ಅಂತ ಕಟ್ಟು ಹಾಕಬಹುದು, ನಾಲ್ಕನೆಯದು ನುಸುಳಿದರೆ ಟೆಸ್ಟ್ ಬೀಳುತ್ತದೆ. ಹತ್ತು ಸಾಲಿನ ಡೇಟಾದಲ್ಲಿ ಪರೀಕ್ಷೆ ಮಾಡಬೇಡ್ರಿ. ಸುಳ್ಳು ಹೆಸರು ಹಾಕಿ ಎರಡು ಲಕ್ಷ ಸಾಲು ತುಂಬಿ, ಆಮೇಲೆ ಬಾಕಿ ವರದಿ ಓಡಿಸಿ ನೋಡ್ರಿ.

ಇನ್ನು ಎರಡು ಕಿಟಕಿಯ ಸಮಸ್ಯೆ. ಕೌಂಟರ್‌ನಲ್ಲಿ ಕೂತ ಗುಮಾಸ್ತರು ಒಂದು ಲಾಟಿನ ತೂಕ ತಿದ್ದುತ್ತಿರುತ್ತಾರೆ, ಒಳಗೆ ಕೂತವರು ಅದೇ ಲಾಟಿನ ದರ ತಿದ್ದುತ್ತಿರುತ್ತಾರೆ. ಜಾಂಗೊದ 'ಸೇವ್' ಸಾಮಾನ್ಯವಾಗಿ ಎಲ್ಲ ಕಾಲಂಗಳನ್ನೂ ಬರೆಯುತ್ತದೆ. ಹಂಗಾಗಿ ಆಮೇಲೆ ಸೇವ್ ಒತ್ತಿದವರ ಪರದೆಯಲ್ಲಿದ್ದ ಹಳೆ ತೂಕ, ಹೊಸ ತೂಕದ ಮೇಲೆ ಹೋಗಿ ಕೂರುತ್ತದೆ. ಯಾರಿಗೂ ಎರರ್ ಕಾಣೋದಿಲ್ಲ, ರೈತನಿಗೆ ದುಡ್ಡು ಕಡಿಮೆ ಹೋಗುತ್ತದೆ, ಬೈಗುಳ ನಿಮಗೆ ಬರುತ್ತದೆ. ಇಲ್ಲಿ ಹೈಬರ್ನೇಟ್ ಒಂದು ಕೈ ಮೇಲು: 'ವರ್ಷನ್' ಅಂತ ಒಂದು ಫೀಲ್ಡ್ ಗುರುತು ಮಾಡಿದರೆ ಎರಡನೆಯವರ ಸೇವ್ ತಾನೇ ನಿಲ್ಲುತ್ತದೆ. ಪೈಥಾನ್‌ನ ಇನ್ನೊಂದು ಒಆರ್‌ಎಂ ಎಸ್‌ಕ್ಯುಎಲ್‌ಆಲ್ಕೆಮಿಯಲ್ಲೂ ಈ ಸೌಲಭ್ಯ ಇದೆ. ಜಾಂಗೊದಲ್ಲಿ ನೀವೇ ಮಾಡಿಕೊಳ್ಳಬೇಕು: 'ಅಪ್‌ಡೇಟ್ ಫೀಲ್ಡ್ಸ್' ಕೊಟ್ಟು ಬೇಕಾದ ಕಾಲಂ ಮಾತ್ರ ಬರೀರಿ, ಚೀಲದ ಎಣಿಕೆ ಏರಿಸಿಳಿಸುವಾಗ 'ಎಫ್' ಬಳಸಿ ಲೆಕ್ಕವನ್ನು ಡೇಟಾಬೇಸ್‌ಗೇ ಬಿಡ್ರಿ, ಪಟ್ಟಿ ಹರಿಯುವ ಹೊತ್ತಿಗೆ 'ಅಟಾಮಿಕ್' (ಆದರೆ ಎಲ್ಲ ಆಗಲಿ, ಇಲ್ಲವಾದರೆ ಯಾವುದೂ ಬೇಡ ಅನ್ನುವ ಕಟ್ಟು) ಒಳಗೆ 'ಸೆಲೆಕ್ಟ್ ಫಾರ್ ಅಪ್‌ಡೇಟ್' ಹಾಕಿ ಸಾಲಿಗೆ ಬೀಗ ಹಾಕ್ರಿ.

ಹಂಗಂತ ಹೈಬರ್ನೇಟ್ ಸಾಧುವಲ್ಲ. ಅದರ ಕೈಯಲ್ಲಿರುವ ಆಬ್ಜೆಕ್ಟ್‌ನ ಬೆಲೆ ನೀವು ಬದಲಿಸಿದರೆ ಸಾಕು, ಸೇವ್ ಅಂತ ಕರೆಯದಿದ್ದರೂ ಡೇಟಾಬೇಸ್ ವಹಿವಾಟಿನ (ಟ್ರಾನ್ಸಾಕ್ಷನ್‌ನ) ಕೊನೆಗೆ ತಾನಾಗಿ ಡೇಟಾಬೇಸ್‌ಗೆ ಬರೆದುಬಿಡುತ್ತದೆ. ಪರದೆಗೆ ತೋರಿಸಲೆಂದು ಮೊತ್ತವನ್ನು ಸುಮ್ಮನೆ ರೂಪಾಯಿಗೆ ಸರಿಹೊಂದಿಸಿದ್ದು ಖಾತೆಯಲ್ಲೇ ದಾಖಲಾಗುತ್ತದೆ. 2001ರಲ್ಲಿ ಗ್ಯಾವಿನ್ ಕಿಂಗ್ ಶುರು ಮಾಡಿದ ಈ ಟೂಲ್ ಪಳಗಿದ್ದು, ಬಲಿಷ್ಠವಾದದ್ದು, ಆದರೆ ಅದರ ಒಳಗುಟ್ಟು ಬಲ್ಲ ಒಬ್ಬರಾದರೂ ತಂಡದಲ್ಲಿ ಬೇಕು.

ದುಡ್ಡಿನ ಮಾತು. ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಫ್ಲೋಟ್ ಬೇಡವೇ ಬೇಡ. ಪೈಥಾನ್ ಆಗಲಿ ಜಾವಾಸ್ಕ್ರಿಪ್ಟ್ ಆಗಲಿ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಅನ್ನುತ್ತವೆ. ರೂಪಾಯಿಗೆ ಎರಡು ದಶಮಾಂಶ, ಕ್ವಿಂಟಲ್‌ಗೆ ಮೂರು ದಶಮಾಂಶದ ಡೆಸಿಮಲ್ ಫೀಲ್ಡ್ ಇಡ್ರಿ, ಮೂರನೇ ಸ್ಥಾನ ಅಂದರೆ ನೂರು ಗ್ರಾಂ. ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯುಲೈಟ್ ಡೇಟಾಬೇಸ್ ಇಟ್ಟು ಬರೆದು ಅಂಗಡಿಯಲ್ಲಿ ಪೋಸ್ಟ್‌ಗ್ರೆಸ್ ಹಾಕೋಣ ಅಂದುಕೊಳ್ಳಬೇಡ್ರಿ, ಎಸ್‌ಕ್ಯುಲೈಟ್‌ಗೆ ನಿಜವಾದ ದಶಮಾಂಶ ಪ್ರಕಾರವೇ ಇಲ್ಲ. ಇನ್ನೂ ಸಣ್ಣದೊಂದು ಅದ, ಇದನ್ನು ಯಾರೂ ಹೇಳೋದಿಲ್ಲ. ಪೈಥಾನ್‌ನ ಡೆಸಿಮಲ್‌ಗೆ 2.5 ಅನ್ನು ಪೂರ್ಣಾಂಕ ಮಾಡು ಅಂದರೆ 2 ಅನ್ನುತ್ತದೆ, ಯಾಕಂದರೆ ಅದು ಸಮ ಸಂಖ್ಯೆಯ ಕಡೆ ವಾಲುತ್ತದೆ. ಪೋಸ್ಟ್‌ಗ್ರೆಸ್‌ನ ನ್ಯೂಮೆರಿಕ್ 3 ಅನ್ನುತ್ತದೆ. ಪಟ್ಟಿಯ ಮೊತ್ತ ಪೈಥಾನ್‌ನಲ್ಲಿ, ವರದಿಯ ಮೊತ್ತ ಎಸ್‌ಕ್ಯುಎಲ್‌ನಲ್ಲಿ ಬೇರೆ ಬೇರೆಯಾಗಿ ಗುಣಿಸಿದರೆ ತಿಂಗಳ ಕೊನೆಗೆ ಪೈಸೆಗಳು ತಾಳೆಯಾಗೋದಿಲ್ಲ. ಪಟ್ಟಿ ಹರಿಯುವಾಗ ಒಮ್ಮೆ ಗುಣಿಸಿ, ಬಂದ ಮೊತ್ತವನ್ನು ಕಾಲಂನಲ್ಲಿ ಇಟ್ಟುಬಿಡ್ರಿ. ವರದಿಗಳು ಅದನ್ನು ಕೂಡಿಸಲಿ ಅಷ್ಟೇ.

ಮಾಡೆಲ್ ಬರೆಯುವಾಗ ಕ್ಲಾಸ್ ಇನ್‌ಹೆರಿಟೆನ್ಸ್ ಉಮೇದು ಬೇಡ. 'ವ್ಯಕ್ತಿ' ಅಂತ ಒಂದು, ಅದರ ಮಕ್ಕಳಾಗಿ ರೈತ, ಖರೀದಿದಾರ, ಹಮಾಲ ಅಂತ ಕಾಲೇಜಿನಲ್ಲಿ ಚಿತ್ರ ಬರೆಸುತ್ತಾರೆ. ಗಂಜಿನಲ್ಲಿ ಮುಂಜಾನೆ ತನ್ನ ಹೊಲದ ತೊಗರಿ ಮಾರಿದವನೇ ಮಧ್ಯಾಹ್ನ ಊರವರಿಗಾಗಿ ಕಡಲೆ ಖರೀದಿ ಮಾಡುತ್ತಾನೆ. 'ಪಾರ್ಟಿ' ಅಂತ ಒಂದೇ ಕೋಷ್ಟಕ ಇಟ್ಟು, ಅವನ ಪಾತ್ರವನ್ನು ಬೇರೆ ಕೋಷ್ಟಕದಲ್ಲಿ ಬರೀರಿ. ಪಾರ್ಟಿಯನ್ನು ಅಳಿಸಿದರೆ ಅವನ ಲಾಟುಗಳೂ ಅಳಿಯುವ 'ಕ್ಯಾಸ್ಕೇಡ್' ಹಾಕಬೇಡ್ರಿ, 'ಪ್ರೊಟೆಕ್ಟ್' ಹಾಕ್ರಿ. ಲೆಕ್ಕದ ಪುಸ್ತಕದಲ್ಲಿ ಅಳಿಸುವುದು ಅಂತ ಇಲ್ಲ, ತಪ್ಪಾದದ್ದಕ್ಕೆ ಎದುರು ನಮೂದು ಹಾಕುತ್ತಾರೆ, ಗುಮಾಸ್ತರನ್ನು ಕೇಳ್ರಿ.

ಕೋಷ್ಟಕದ ರೂಪ ಬದಲಿಸುವ ಮೈಗ್ರೇಷನ್ ವಿಷಯದಲ್ಲಿ ಜಾಂಗೊ ಆರಾಮ, 2014ರ 1.7ರಿಂದ ಒಳಗೇ ಇದೆ, ಕಾಲಂ ಹೆಸರು ಬದಲಾದಂತೆ ಕಂಡರೆ ನಿಮ್ಮನ್ನೇ ಕೇಳುತ್ತದೆ. ಎಸ್‌ಕ್ಯುಎಲ್‌ಆಲ್ಕೆಮಿಯ ಜೊತೆಗಾರ ಅಲೆಂಬಿಕ್ ಅದನ್ನು ಹಳೆಯದು ಅಳಿಸಿ ಹೊಸದು ಸೇರಿಸುವುದು ಅಂತ ತಿಳಿದು ಫೈಲು ಬರೆಯುತ್ತದೆ, ಓದದೆ ಓಡಿಸಿದರೆ ಡೇಟಾ ಹೋಯಿತು. ಹೈಬರ್ನೇಟ್‌ಗೆ ಕೋಷ್ಟಕ ತಾನೇ ಬದಲಿಸು ಅನ್ನುವ 'ಅಪ್‌ಡೇಟ್' ಸೆಟ್ಟಿಂಗ್ ಅಂಗಡಿಯ ಯಂತ್ರದಲ್ಲಿ ಬೇಡ, ಮೈಗ್ರೇಷನ್‌ಗೆಂದೇ ಇರುವ ಫ್ಲೈವೇ ಬಳಸ್ರಿ. ಪೋಸ್ಟ್‌ಗ್ರೆಸ್ ಹಿಡೀರಿ ಅಂತ ನಾನು ಹಟ ಮಾಡೋದೂ ಇದಕ್ಕೇ. ಅದರಲ್ಲಿ ಕೋಷ್ಟಕ ಬದಲಿಸುವ ಆಜ್ಞೆಗಳೂ ವಹಿವಾಟಿನ ಒಳಗೆ ನಡೆಯುತ್ತವೆ. ನಡುವೆ ಕರೆಂಟ್ ಹೋದರೆ ಎಲ್ಲ ಮೊದಲಿನಂತೆ. ಮೈಎಸ್‌ಕ್ಯುಎಲ್‌ನಲ್ಲಿ ಅಂಥ ಪ್ರತಿ ಆಜ್ಞೆಯೂ ಅಲ್ಲಲ್ಲೇ ಪಕ್ಕಾ ಆಗಿಬಿಡುತ್ತದೆ, ನಾಲ್ಕರಲ್ಲಿ ಎರಡು ನಡೆದು ನಿಂತರೆ ಕೈಯಿಂದ ಬಿಡಿಸಬೇಕು. ಒಆರ್‌ಎಂ ಇದ್ದರೆ ಡೇಟಾಬೇಸ್ ಯಾವಾಗ ಬೇಕಾದರೂ ಬದಲಿಸಬಹುದು ಅಂತ ಹೇಳುವವರಿದ್ದಾರೆ. ಗಂಜಿನ ಯಾವ ಸಾಹುಕಾರರೂ ಡೇಟಾಬೇಸ್ ಬದಲಿಸಿಕೊಡ್ರಿ ಅಂತ ಬರೋದಿಲ್ಲ, ಆ ಕಾರಣಕ್ಕೆ ಟೂಲ್ ಆರಿಸಬೇಡ್ರಿ.

ಹಂಗಾದರೆ ನನ್ನ ಮಾತು: ಜಾಂಗೊ ಮತ್ತು ಪೋಸ್ಟ್‌ಗ್ರೆಸ್. ಮೂವರಲ್ಲಿ ಇಬ್ಬರಿಗೆ ಪೈಥಾನ್ ಬರುತ್ತದೆ, ಅದು ದೊಡ್ಡ ಕಾರಣ. ಜಾಂಗೊದ ಅಡ್ಮಿನ್ ಪುಟಗಳು ಮೊದಲ ವಾರದಲ್ಲೇ ಸಾಹುಕಾರರ ಮುಂದೆ ಇಡಬಹುದಾದ ನಮೂದು ಪರದೆ ಕೊಡುತ್ತವೆ, ಅದು ಎರಡನೇ ಕಾರಣ. ನಮೂದಿಗೆ ಒಆರ್‌ಎಂ, ವರದಿಗೆ ವ್ಯೂ. ಜಾವಾ ಗೆಳೆಯ ಎಸ್‌ಕ್ಯುಎಲ್ ಚಲೋ ಬಲ್ಲವನಾದರೆ ವರದಿಗಳನ್ನು ಅವನಿಗೇ ವಹಿಸಿಬಿಡ್ರಿ. ಪ್ರಿಸ್ಮಾ ಕೆಟ್ಟದ್ದಲ್ಲ, ಆದರೆ ಸುಗ್ಗಿ ಬಾಗಿಲಲ್ಲಿರುವಾಗ ಹೊಸ ಭಾಷೆ ಕಲಿಯುತ್ತ ಕೂರೋದು ನನಗೆ ಸರಿ ಕಾಣೋದಿಲ್ಲ.

ಪ್ರಶ್ನೆ: ಮೇಡಂ, ನಾನು ಬಿಸಿಎ ಎರಡನೇ ವರ್ಷದಲ್ಲಿದ್ದೇನೆ. ಒಆರ್‌ಎಂ ಬಂದ ಮೇಲೆ ಎಸ್‌ಕ್ಯುಎಲ್ ಕಲಿಯುವ ಅಗತ್ಯ ಇದೆಯೇ?
(ವಿದ್ಯಾರ್ಥಿನಿ, ಯಾದಗಿರಿ)

ಉತ್ತರ: ಇದೆ, ಮತ್ತು ಮೊದಲು ಅದನ್ನೇ ಕಲಿ. ಜಾಯಿನ್, ಗ್ರೂಪ್ ಬೈ, ಇಂಡೆಕ್ಸ್, ವಹಿವಾಟು, ಇಷ್ಟು ಕೈಗೆ ಹತ್ತಿದ ಮೇಲೆ ಒಆರ್‌ಎಂ ತೆರೆ. ಆಮೇಲೆ ಒಂದು ಆಟ ಆಡವ್ವಾ: ಒಆರ್‌ಎಂ ಸಾಲು ಬರೆದು, ಅದು ಯಾವ ಎಸ್‌ಕ್ಯುಎಲ್ ಹುಟ್ಟಿಸುತ್ತದೆ ಅಂತ ಕಾಗದದ ಮೇಲೆ ಬರೆದುಕೊಂಡು, ಲಾಗ್ ತೆರೆದು ತಾಳೆ ನೋಡು. 'ಎಕ್ಸ್‌ಪ್ಲೇನ್ ಅನಲೈಜ್' ಕೊಟ್ಟು ಡೇಟಾಬೇಸ್ ಎಲ್ಲಿ ಸಮಯ ಕಳೆಯಿತು ಅಂತ ಓದಲು ಬಂದರೆ ಸಂದರ್ಶನದಲ್ಲಿ ನಿನ್ನ ಎದುರು ಕೂತವರಿಗೂ ಖುಷಿಯಾಗುತ್ತದೆ.

ಪ್ರಶ್ನೆ: ನಮ್ಮ ಬೀಜ-ಗೊಬ್ಬರದ ಅಂಗಡಿಗೆ ಜಾಂಗೊ, ಪೋಸ್ಟ್‌ಗ್ರೆಸ್‌ನಲ್ಲಿ ಪ್ರೋಗ್ರಾಂ ಮಾಡಿಸಿದ್ದೇವೆ. ಕನ್ನಡದಲ್ಲಿ ಹಾಕಿದ ರೈತರ ಹೆಸರು ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಎಷ್ಟೋ ಹೆಸರು ಹಳೆಯ ಫೈಲಿನಿಂದ ಪರಿವರ್ತಿಸಿ ತಂದವು. ಒಆರ್‌ಎಂ ಬದಲಿಸಬೇಕೇ?
(ಅಂಗಡಿಕಾರರು, ಬೀದರ್)

ಉತ್ತರ: ಬೇಡ್ರಿ, ಒಆರ್‌ಎಂದು ಇದರಲ್ಲಿ ಪಾತ್ರವೇ ಇಲ್ಲ. 'ಸೋಮಶೇಖರ' ಅನ್ನುವಲ್ಲಿನ 'ಶೇ' ಯೂನಿಕೋಡ್‌ನಲ್ಲಿ ಎರಡು ರೀತಿ ಕೂಡಬಹುದು. 'ಶ'ಕ್ಕೆ ಏತ್ವದ ಒಂದೇ ಚಿಹ್ನೆ ಸೇರಿಸಿ, ಇಲ್ಲವೇ ಎತ್ವ ಹಾಕಿ ಅದರ ಮುಂದೆ ದೀರ್ಘದ ಚಿಹ್ನೆ ಬೇರೆಯಾಗಿ ಸೇರಿಸಿ. 'ಸೋ' ಕೂಡ ಹಾಗೇ. ಪರದೆಯಲ್ಲಿ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಕೀಲಿಮಣೆಯಿಂದ ಒತ್ತಿದ್ದು ಒಂದು ಬಗೆ, ಪರಿವರ್ತನೆಯಿಂದ ಬಂದದ್ದು ಇನ್ನೊಂದು ಬಗೆ ಆಗಿದ್ದರೆ ಹುಡುಕಾಟ ಕೂಡೋದಿಲ್ಲ. ಮಾಡೆಲ್‌ನಲ್ಲಿ ಉಳಿಸುವ ಮುಂಚೆ ಮತ್ತು ಹುಡುಕುವ ಮುಂಚೆ, ಎರಡೂ ಕಡೆ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಚಿಹ್ನೆಯ ಬಗೆಗೆ, ತರುವಂತೆ ನಿಮ್ಮ ಪ್ರೋಗ್ರಾಂ ಬರೆದವರಿಗೆ ಹೇಳ್ರಿ. ಪೈಥಾನ್‌ನ 'ಯೂನಿಕೋಡ್‌ಡೇಟಾ'ದಲ್ಲಿ ಅದಕ್ಕೆ ಫಂಕ್ಷನ್ ಇದೆ, ಪೋಸ್ಟ್‌ಗ್ರೆಸ್‌ನಲ್ಲಿ 2020ರ 13ನೇ ಆವೃತ್ತಿಯಿಂದ 'ನಾರ್ಮಲೈಜ್' ಇದೆ. 'ಅಹ್ಮದ್' ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ಕೊನೆಗೆ ಕಾಣದ ಒಂದು ಜೋಡಣೆ-ತಡೆ ಚಿಹ್ನೆ ಉಳಿದಿರಬಹುದು, ಅದನ್ನು ಎನ್‌ಎಫ್‌ಸಿ ತೆಗೆಯೋದಿಲ್ಲ, ಬೇರೆಯಾಗಿ ಕತ್ತರಿಸಬೇಕು.

ಹೆಸರಿನ ಕಾಲಂ ಉದ್ದ ಎಷ್ಟಿದೆ ಅಂತಲೂ ನೋಡಿಸ್ರಿ. 'ಮಲ್ಲಿಕಾರ್ಜುನ' ಓದಲು ಐದು ಅಕ್ಷರ, ಜಾಂಗೊದ 'ಮ್ಯಾಕ್ಸ್ ಲೆಂತ್' ಲೆಕ್ಕದಲ್ಲಿ ಹನ್ನೆರಡು. ತಂದೆ ಹೆಸರು, ಅಡ್ಡಹೆಸರು ಸೇರಿದರೆ ಮೂವತ್ತು ಸಾಲೋದಿಲ್ಲ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗಲೂ ಒಂದು ತೊಡಕು ಬರಬಹುದು: ಯೂನಿಕೋಡ್ ಕ್ರಮದಲ್ಲಿ 'ಳ' ಬರೋದು 'ವ'ಕ್ಕಿಂತ ಮುಂಚೆ, ಹಂಗಾಗಿ ಕಾಳಪ್ಪ ಮೇಲೆ, ಕಾವೇರಿ ಕೆಳಗೆ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಗೆ. ಇದು ನಿಮಗೆ ಮುಖ್ಯ ಅನಿಸಿದರೆ ಜೋಡಣೆಗೆಂದೇ ಇನ್ನೊಂದು ಕಾಲಂ ಇಡಿಸ್ರಿ.

ಹಳೆಯ ಹೆಸರುಗಳನ್ನೆಲ್ಲ ಒಂದೇ ಏಟಿಗೆ ಸರಿಪಡಿಸುವ ಮುಂಚೆ ಬ್ಯಾಕಪ್ ತೆಗೆದಿಡ್ರಿ. ಸರಿಪಡಿಸಿದ ಮೇಲೆ ಬೇರೆ ಬೇರೆ ಖಾತೆ ಅಂದುಕೊಂಡಿದ್ದ ಎರಡು ಹೆಸರು ಒಂದೇ ಆಗಿ ನಿಲ್ಲಬಹುದು. ಅವನ್ನು ಪ್ರೋಗ್ರಾಂ ತಾನಾಗಿ ಕೂಡಿಸುವಂತೆ ಬಿಡಬೇಡ್ರಿ. ಊರು ಮತ್ತು ಫೋನ್ ನಂಬರ್ ಸಮೇತ ಪ್ರಿಂಟ್ ತೆಗೆಸಿ, ಎರಡೂ ಹೆಸರು ಒಬ್ಬರದೇನೋ ಬೇರೆ ಬೇರೆಯವರದೋ ಅಂತ ಉದ್ರಿ ಬರೆಯುವವರ ಬಾಯಿಂದಲೇ ಕೇಳಿ ಗುರುತು ಹಾಕಿಸ್ರಿ.